ಬಿಂದಿಗೆಯೊಳಗಿನ ಬಿಳಿ ಲೋಳೆ

ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಮತ್ತೆ ಬಿಳಿ ಲೋಳೆ ಕಾಣಿಸಿಕೊಂಡಿದೆ. ‘ಮತ್ತೆ’ ಎಂಬ ಮಾತನ್ನು ಯೋಚಿಸಿಯೇ ಬರೆದಿದ್ದೇನೆ. ಮೊದಲ ಸಲ ಅದನ್ನು ಕಂಡು ನಲವತ್ತು ವರ್ಷಗಳ ಹತ್ತಿರವಾಯಿತು. ಆ ತೊಟ್ಟಿ ಬೇರೆ, ಊರು ಬೇರೆ, ಮೀನುಗಳಂತೂ ಬೇರೆಯೇ. ಆದರೂ ಬಹಳ ದಿನ ಕಣ್ಣಿಗೆ ಬೀಳದಿದ್ದ ನೆಂಟರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಎದುರಾದಂತೆ, ನೋಡಿದ ಕೂಡಲೇ ಗುರುತು ಹಿಡಿದೆ. ಮಾತಾಡಿಸಬೇಕೋ ಮುಖ ತಿರುಗಿಸಬೇಕೋ ತಿಳಿಯದಂಥ ನೆಂಟರು.

ಅದು ಹೇಗಿದೆ ಎಂದು ನಿಮಗೆ ಸರಿಯಾಗಿ ಹೇಳಬೇಕೆಂದು ಬಹಳ ಹೊತ್ತು ಗಾಜಿಗೆ ಮೂಗು ತಾಗಿಸಿ ಕುಳಿತಿದ್ದೆ. ಬಿಳಿ ಎಂದರೆ ಪೂರ್ತಿ ಬಿಳಿಯಲ್ಲ, ಬಸಿದ ಗಂಜಿ ಆರಿದ ಮೇಲೆ ಕಟ್ಟುವ ಕೆನೆಯ ಬಣ್ಣ. ದೂರದಿಂದ ಹತ್ತಿಯ ಹಾಗೆ ಕಾಣುತ್ತದೆ. ಕಿರುಬೆರಳಲ್ಲಿ ಮುಟ್ಟಿದರೆ ಹತ್ತಿಯ ಗುಣ ಒಂದೂ ಇಲ್ಲ, ಬೆಂಡೆಕಾಯಿ ಹೆಚ್ಚಿದ ಮಣೆಯಂತೆ ಜಾರುತ್ತದೆ. ಬೆರಳಿಗೆ ಸುಲಭವಾಗಿ ಬರುತ್ತದೆ, ಬೆರಳಿನಿಂದ ಸುಲಭವಾಗಿ ಹೋಗುವುದಿಲ್ಲ. ಮೂಸಿಯೂ ನೋಡಿದೆ. ಕೆರೆಯ ವಾಸನೆ ಎಂದುಕೊಂಡರೆ ಕೆರೆಯದು, ಏನೂ ಇಲ್ಲ ಎಂದುಕೊಂಡರೆ ಏನೂ ಇಲ್ಲ. ತೊಟ್ಟಿಯಲ್ಲಿ ಇರುವ ಒಂದು ಮರದ ಬಿಂದಿಗೆಯ ಬಾಯಿಯಿಂದ ಅದು ಹೊರಗೆ ಬಂದು, ಕತ್ತಿನ ಸುತ್ತ ಮಫ್ಲರು ಸುತ್ತಿಕೊಂಡಂತೆ ನಿಂತಿದೆ.

ರಾಮನಗರದ ಬಸ್‌ಸ್ಟ್ಯಾಂಡಿನ ಹಿಂದೆ ಸಾಕುವ ಮೀನಿನ ಅಂಗಡಿಯೊಂದಿದೆ. ಅಲ್ಲಿಯ ಹುಡುಗನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ಅವನು ಅರೆಕ್ಷಣ ನೋಡಿದ. "ಒಳಗಡೆ ಮರದ್ದೇನಾದ್ರೂ ಇಟ್ಟಿದ್ದೀರಾ ಮೇಡಂ? ಮರಕ್ಕೆ ಬರ್ತದೆ ಅದು. ಏನೂ ಮಾಡಲ್ಲ. ಡೌಟಿದ್ರೆ ಮರ ತೆಗೆದಿಟ್ಟು ನಾಲ್ಕು ದಿನ ನೋಡಿ, ಗೊತ್ತಾಗ್ತದೆ," ಎಂದ. ಆಗಲಿ ಎಂದು ಬಂದೆ. ಅವನು ಹೇಳಿ ಇವತ್ತಿಗೆ ಹತ್ತೊಂಬತ್ತು ದಿನ. ಬಿಂದಿಗೆ ಇನ್ನೂ ನೀರಿನಲ್ಲೇ ಇದೆ.

ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ನಮ್ಮ ಅತ್ತೆ ಕೂರುತ್ತಾರೆ. ಎಂಬತ್ತೈದು ದಾಟಿದೆ, ಕಣ್ಣು ಮಂಜು, ಕಿವಿ ಮಾತ್ರ ಈಗಲೂ ಪಕ್ಕದ ಮನೆಯ ಕುಕ್ಕರಿನ ಕೂಗು ಎಣಿಸುತ್ತದೆ. ಮೀನು ಅವರಿಗೆ ಕಾಣುವುದಿಲ್ಲ, ಕೆಂಪಗೆ ಏನೋ ಓಡಾಡುವುದು ಗೊತ್ತಾಗುತ್ತದಂತೆ. ಲೋಳೆ ಬಂದಿರುವ ವಿಷಯ ಅವರಿಗೆ ನಾನು ಹೇಳಿರಲಿಲ್ಲ. ಯಾಕೆಂದರೆ ಆ ಲೋಳೆಯ ವಿಷಯ ನಾವಿಬ್ಬರೂ ನಲವತ್ತು ವರ್ಷದಿಂದ ಮಾತಾಡಿರಲಿಲ್ಲ.

ನನ್ನ ತವರು ಚನ್ನಪಟ್ಟಣ. ಅಪ್ಪ ಗೊಂಬೆ ಕೆಲಸದವರು. ಹಾಲೆ ಮರದ ತುಂಡನ್ನು ಯಂತ್ರಕ್ಕೆ ಕಚ್ಚಿಸಿ ತಿರುಗಿಸುತ್ತ, ಉಳಿ ತಾಗಿಸಿ, ಅದು ಬುಗುರಿಯೋ ಬೊಂಬೆಯೋ ಆದ ಮೇಲೆ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸುತ್ತಿದ್ದರು. ನನ್ನ ಬಾಲ್ಯವೆಲ್ಲ ಮರದ ಸಿಪ್ಪೆಯ ಗುಡ್ಡೆಯ ಮೇಲೆ ಕಳೆಯಿತು. ತಲೆಗೆ ಎಣ್ಣೆ ಹಚ್ಚುವಾಗ ಅವ್ವ ಮೊದಲು ಕೂದಲಿನಿಂದ ಸಿಪ್ಪೆ ಹೆಕ್ಕಬೇಕಿತ್ತು. ಮದುವೆಯ ಸಮಯದಲ್ಲಿ ಅಪ್ಪ ನನಗಾಗಿ ಒಂದು ಬಿಂದಿಗೆ ತಿರುಗಿಸಿದರು. ತೆಂಗಿನಕಾಯಿಯಷ್ಟು ದಪ್ಪ, ಅಗಲ ಬಾಯಿ, ಹೊರಗೆ ಕೆಂಪು ಹಳದಿ ಪಟ್ಟೆಯ ಅರಗು, ಒಳಗೆ ಬರೀ ಮರ. ಕೈಗೆ ಕೊಡುವಾಗ, "ಒಳಕ್ಕೆ ನೀರು ಸೋಕಿಸ್ಬ್ಯಾಡ ಮಗ," ಎಂದಿದ್ದರು. ಬಿಂದಿಗೆ ಕೊಟ್ಟು ನೀರು ಸೋಕಿಸಬೇಡ ಎಂದದ್ದು ನನಗೆ ಆಗ ತಮಾಷೆಯಾಗಿ ಕಂಡಿತ್ತು.

ಬಂದು ಸೇರಿದ್ದು ಕೈಲಾಂಚದ ಹತ್ತಿರದ ಒಂದು ಹಳ್ಳಿಗೆ, ರೇಷ್ಮೆ ಬೆಳೆಯುವ ಮನೆಗೆ. ಗೂಡಿಗೆ ಬೆಲೆ ಬಂದಿದ್ದ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ಯಾರ ಮನೆಗೆ ಹೋದರೂ ಹೊಸದೊಂದು ಸಾಮಾನು: ಒಬ್ಬರಲ್ಲಿ ಮೊಪೆಡ್ಡು, ಒಬ್ಬರಲ್ಲಿ ಟೀವಿ, ಇನ್ನೊಬ್ಬರಲ್ಲಿ ಕರೆಂಟು ಇಲ್ಲದಿದ್ದರೂ ಮಿಕ್ಸಿ. ನಮ್ಮ ಮನೆಯಲ್ಲಂತೂ ಮನುಷ್ಯರಿಗಿಂತ ಹುಳುಗಳಿಗೆ ಹೆಚ್ಚು ಜಾಗ. ದೊಡ್ಡ ಕೋಣೆಯೇ ಹುಳುಮನೆ. ಮದುವೆಯಾದ ಹೊಸದರಲ್ಲಿ ನಮ್ಮಿಬ್ಬರಿಗೆಂದು ಕೊಟ್ಟಿದ್ದ ಪುಟ್ಟ ಕೋಣೆಯನ್ನೂ ಹುಳುಗಳು ದಪ್ಪವಾಗಿ ಜಾಗ ಸಾಲದೆಂದು ತೆಗೆದುಕೊಂಡವು. ನಾವು ಜಗಲಿಗೆ ಬಂದೆವು. ಒಳಗೆ ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು, ಯಾರೋ ಒಣ ಎಲೆಯ ಮೇಲೆ ಒಂದೇ ಸಮನೆ ಕಲ್ಲುಪ್ಪು ಸುರಿದಂತೆ ಕೇಳುತ್ತಿತ್ತು.

ಆ ಹುಳುಮನೆಯೊಳಕ್ಕೆ ನನಗೆ ಪ್ರವೇಶವಿರಲಿಲ್ಲ. ಮಲ್ಲಿಗೆ ಮುಡಿಯಬಾರದು, ಪೌಡರು ಹಚ್ಚಬಾರದು, ಹುಳು ಇರುವಷ್ಟು ದಿನ ಒಗ್ಗರಣೆ ಸಿಡಿಸಬಾರದು ಎಂಬ ಕಟ್ಟಳೆಗಳನ್ನೆಲ್ಲ ಪಾಲಿಸಿದರೂ ಬಾಗಿಲ ಗೋಣಿಪರದೆಯ ಈಚೆಗೇ ನಿಲ್ಲಬೇಕು. ಅತ್ತೆ ಒಳ್ಳೆಯವರೇ. ಆದರೆ ಹುಳುವಿನ ವಿಷಯದಲ್ಲಿ ಅವರಿಗೆ ಕೈಗುಣದ ನಂಬಿಕೆ. "ಕೆಲವ್ರು ಕೈ ಮಡಗುದ್ರೆ ಉಳ ಎದ್ದು ತಿಂತವೆ, ಕೆಲವ್ರು ಕೈ ಮಡಗುದ್ರೆ ಮಕಾಡೆ ಮಲಿಕತ್ತವೆ. ನಿಂದ್ ಯಾವ್ ಕೈ ಅಂತ ಇನ್ನೂ ತಿಳೀದು ಕನವ್ವ," ಎನ್ನುತ್ತಿದ್ದರು. ಒಂದು ಬೆಳೆ ಮುಗಿಯಿತು, ಎರಡು ಮುಗಿಯಿತು, ಮೂರು ಮುಗಿಯಿತು. ಓರಗೆಯ ಸೊಸೆಯರೆಲ್ಲ ನೀರಿನ ಹತ್ತಿರ ಸಿಕ್ಕಾಗ ತಮ್ಮ ತಮ್ಮ ಹುಳುಗಳ ವಿಷಯ ಮಾತಾಡುವರು. ನಾನು ಸೊಪ್ಪಿನ ಹೊರೆ ತಂದು ಪರದೆಯಾಚೆ ನೂಕಿ ಬರುವವಳು. ಆ ಪರದೆ ಒಂದು ದಿನ ಸರಿಯಬೇಕು ಎನ್ನುವುದು ಆಗ ನನ್ನ ಏಕೈಕ ಆಸೆಯಾಗಿತ್ತು. ಹೇಳಿಕೊಂಡರೆ ನಗುತ್ತೀರಿ, ಆದರೆ ಆ ಮನೆಯಲ್ಲಿ ಹುಳುಮನೆಗೆ ಸೇರದವರು ಮನೆಗೇ ಸೇರಿದವರಲ್ಲ.

ಹೀಗಿರುವಾಗ ಮಾವ ಮೀನಿನ ತೊಟ್ಟಿ ತಂದರು. ಗೂಡು ಮಾರಲು ರಾಮನಗರಕ್ಕೆ ಹೋದವರು ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಪಕ್ಕ ಅಂಥದೊಂದನ್ನು ನೋಡಿದರಂತೆ. ಕಾಫಿ ಆರಿಹೋಗುವವರೆಗೂ ನೋಡಿದರಂತೆ. ಗಾಜಿನ ತೊಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಐದು ಕಿತ್ತಳೆ ಬಣ್ಣದ ಮೀನುಗಳ ಪ್ಲಾಸ್ಟಿಕ್ ಚೀಲವನ್ನು ಕಿವಿಯೆತ್ತರಕ್ಕೆ ಹಿಡಿದುಕೊಂಡು ಬಸ್ಸಿನಲ್ಲಿ ಬಂದಿಳಿದರು.

"ಉಳ ಸಾಕದು ಸಾಲ್ದು ಅಂತ ಮೀನ್ ಬೇರೆ ತಂದವ್ರೆ," ಎಂದರು ಅತ್ತೆ. "ಇವೇನ್ ಗೂಡ್ ಕಟ್ತವಾ?"

"ಲೇ, ಸುಮ್ಕೆ ನೋಡಕ್ಕೆ ಕಣೆ," ಎಂದರು ಮಾವ.

"ಸುಮ್ಕೆ ನೋಡಕ್ಕೆ ನಾವಿಲ್ವಾ?"

ಮನೆಯಲ್ಲಿದ್ದ ಒಂದೇ ಮೇಜು ನಡುಮನೆಯಲ್ಲಿ, ಹುಳುಮನೆಯ ಬಾಗಿಲ ಪಕ್ಕಕ್ಕಿತ್ತು. ತೊಟ್ಟಿ ಅಲ್ಲಿಯೇ ಕೂತಿತು. ಅತ್ತೆ ನನ್ನ ಕಡೆ ತಿರುಗಿ, "ನೀನೇ ನೋಡ್ಕೊ ಇವ್ನ. ಕೈ ಎಂಗೈತೆ ಅಂತ ಗೊತ್ತಾಯ್ತದೆ," ಎಂದರು. ಅವರು ಸುಮ್ಮನೆ ಅಂದಿರಬಹುದು. ನಾನು ಸುಮ್ಮನೆ ಕೇಳಿಸಿಕೊಳ್ಳಲಿಲ್ಲ. ಇದು ಪರೀಕ್ಷೆ, ಐದು ಮೀನು ಬದುಕಿದರೆ ಪರದೆ ಸರಿಯುತ್ತದೆ ಎಂದುಕೊಂಡೆ.

ಮೀನಿಗೆ ಏನು ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮಂಡಕ್ಕಿ ಹಾಕಿದೆ. ಅದು ಮೇಲೆ ತೇಲಿತು, ಮೀನುಗಳು ಕೆಳಗೆ ಉಳಿದವು. ಒಂದು ದಿನ ಬಾಷಾ ಸಾಬರು ಬಂದರು. ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ ಅವರದು. ಹರಾಜಿನಲ್ಲಿ ಮಾವನ ಗೂಡು ಕೂಗಿ ಕೂಗಿ ಸ್ನೇಹವಾದವರು. ತೊಟ್ಟಿಯ ಮುಂದೆ ಬಗ್ಗಿ ನಿಂತರು.

"ಏನಮ್ಮ, ಮೀನು ಡಲ್ ಐತೆ. ಏನ್ ಹಾಕ್ತೀರಿ?"

"ಮಂಡಕ್ಕಿ."

"ಮಂಡಕ್ಕಿ ತಿಂದ್ಕೊಂಡಿರಾಕೆ ಅವೇನು ಆಫೀಸ್‌ನೋರಾ? ಪ್ಯೂಪಾ ಪುಡಿ ಕಳಿಸ್ತೀನಿ ಇರಿ. ನಮ್ ನೀರಿನ ಹೌಜಲ್ಲಿರೋ ಮೀನು ನೋಡ್ಬೇಕು ನೀವು, ಇಷ್ಟಿಷ್ಟುದ್ದ." ಮೊಣಕೈವರೆಗೆ ತೋರಿಸಿದರು.

ಪ್ಯೂಪಾ ಎಂದರೆ ನೂಲು ಬಿಚ್ಚಿದ ಮೇಲೆ ಗೂಡಿನೊಳಗೆ ಉಳಿಯುವ ಸತ್ತ ಹುಳು. ಒಣಗಿಸಿ ಪುಡಿ ಮಾಡಿದರೆ ಕೋಳಿಗೂ ಮೀನಿಗೂ ಒಳ್ಳೆಯ ಮೇವು. ಎರಡು ದಿನಕ್ಕೆ ಒಂದು ತಗಡಿನ ಡಬ್ಬ ಬಂತು. ಮಾವ ಅದನ್ನು ಬಾಗಿಲಿನಾಚೆಯೇ ನನ್ನ ಕೈಗೆ ಕೊಟ್ಟು, "ನಿಮ್ಮತ್ತೆಗೆ ತೋರಿಸ್ಬ್ಯಾಡ," ಎಂದು ಪಿಸುಗುಟ್ಟಿ ತೋಟಕ್ಕೆ ಹೋದರು. ಕಾರಣವಿತ್ತು. ಗೂಡು ಮನೆಯಿಂದ ಆಚೆ ಹೋದ ಮೇಲೆ ಅದರ ಯಾವ ಅಂಶವೂ ಹೊಸ್ತಿಲು ದಾಟಿ ವಾಪಸು ಬರಬಾರದು ಎನ್ನುವುದು ಅತ್ತೆಯ ಕಟ್ಟುನಿಟ್ಟು. ಗೂಡು ತುಂಬಿದ್ದ ಚೀಲವನ್ನೂ ಕೆರೆಯಲ್ಲಿ ಒಗೆದು ಒಣಗಿಸಿದ ಮೇಲೆಯೇ ಒಳಗೆ ತರಬೇಕು. ಸತ್ತ ಹುಳುವಿನ ರೋಗ ಬದುಕಿರುವ ಹುಳುವಿಗೆ ಬರುತ್ತದೆ ಎಂದು. ಬರೀ ನಂಬಿಕೆಯಲ್ಲ, ಅದರಲ್ಲಿ ಅರ್ಥವಿತ್ತು.

ಡಬ್ಬವನ್ನು ನನ್ನ ಮದುವೆಯ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಬಚ್ಚಿಟ್ಟೆ. ಅದರ ವಾಸನೆ ಗೊತ್ತಿರುವವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕೂಟಗಲ್ಲಿನ ಒಂದು ಮದುವೆಗೆ ಧಾರೆ ಸೀರೆ ಉಟ್ಟು ಹೋದೆ. ಊಟದ ಪಂಕ್ತಿಯಲ್ಲಿ ಪಕ್ಕದವರು ಒಬ್ಬೊಬ್ಬರಾಗಿ ಎಲೆ ಹಿಡಿದು ಎದ್ದು ಹೋದರು. ಒಂದು ಬೆಕ್ಕು ಮಾತ್ರ ಬಸ್ಸಿನವರೆಗೂ ಜೊತೆಗೆ ಬಂದು ಕಳಿಸಿಕೊಟ್ಟಿತು.

ಮೀನುಗಳು ಚುರುಕಾದವು. ಆದರೆ ನಾನು ಪುಡಿ ಹಾಕಿದಾಗ ಒಂದಿಷ್ಟು ತಿಂದು ಬಿಟ್ಟುಬಿಡುತ್ತಿದ್ದವು. ಇನ್ನೊಂದು ವಿಚಿತ್ರ ಗಮನಿಸಿದೆ. ದಿನವೂ ಬೆಳಗ್ಗೆ, ಅತ್ತೆ ಮೊದಲ ಸೊಪ್ಪು ಹಾಕಿ ಹುಳುಮನೆಯಿಂದ ಹೊರಗೆ ಬರುವ ಹೊತ್ತಿಗೆ, ಐದೂ ಮೀನು ಬಾಗಿಲ ಕಡೆಯ ಮೂಲೆಗೆ ಹೋಗಿ ಗಾಜಿಗೆ ಬಾಯಿ ಹಚ್ಚಿ ಸಾಲಾಗಿ ನಿಲ್ಲುವವು. ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಹಲ್ಲುಜ್ಜುತ್ತಲೇ, "ಅವ್ಕೂ ಉಳುಮನೆ ಒಳಿಕ್ಕೋಯ್ಬೇಕಂತೆ, ನಿನ್ನಂಗೇಯ," ಎಂದರು. ನನಗೆ ನಗು ಬರಲಿಲ್ಲ.

ತೊಟ್ಟಿ ಬೋಳಾಗಿ ಕಾಣುತ್ತಿತ್ತು. ಅಪ್ಪನ ಮಾತು ಮರೆತು, ಮರೆತೆನೆಂದರೆ ಸುಳ್ಳು, ನೆನಪಿದ್ದೂ ಬಿಂದಿಗೆಯನ್ನು ನೀರಿಗೆ ಇಳಿಸಿದೆ. ತೇಲಿತು. ಒಳಗೆ ನಾಲ್ಕು ಕಲ್ಲು ಹಾಕಿ ಮಲಗಿಸಿದೆ. ಮೀನುಗಳು ಬಾಯಿಂದ ಒಳಗೆ ಹೋಗಿ ತಿರುಗಿ ಹೊರಗೆ ಬರುವುದನ್ನು ನೋಡಿ ಮಾವ ಎರಡು ಸಲ ತೋಟಕ್ಕೆ ಹೋಗುವುದನ್ನು ಮುಂದೂಡಿದರು.

ಐದನೆಯ ದಿನ ಬಿಂದಿಗೆಯ ಒಳಗಡೆ ಬಿಳಿಯದು ಕಂಡಿತು. ಮೊದಲು ಉಗುರಗಲ. ಮಾರನೆಯ ದಿನ ಅಂಗೈಯಗಲ. ಕೈ ಹಾಕಿ ಒರೆಸಿ ತೆಗೆದೆ. ಎರಡೇ ದಿನಕ್ಕೆ ಮತ್ತೆ ಬಂತು, ಈ ಸಲ ಗಾಜಿನ ಮೇಲೂ ಒಂದು ತೆಳು ಪೊರೆ. ನೀರು ಬದಲಿಸಿದೆ. ಬಾವಿಯ ನೀರಿನ ದೋಷವಿರಬಹುದೆಂದು ಬೋರಿನ ನೀರು ತಂದೆ. ಬಂತು. ಪುಡಿಯ ಎಣ್ಣೆಯಂಶವಿರಬಹುದೆಂದು ಎರಡು ದಿನ ಪುಡಿ ನಿಲ್ಲಿಸಿದೆ. ಆಗಲೂ ಬಂತು. ಮೀನುಗಳು ಮಾತ್ರ ಉಪವಾಸದ ಲಕ್ಷಣವೇ ಇಲ್ಲದೆ ದುಂಡಗೆ ಓಡಾಡಿಕೊಂಡಿದ್ದವು. ಅದೂ ಅರ್ಥವಾಗಲಿಲ್ಲ. ಪ್ರತಿದಿನ ಬೆಳಗ್ಗೆ ತೋಳು ಮಡಚಿ ಲೋಳೆ ಒರೆಸುವುದು ಹಲ್ಲುಜ್ಜುವಷ್ಟೇ ಸಹಜವಾಯಿತು.

ಆ ವಾರವೇ ಅತ್ತೆ ಕರೆದರು. ಹುಳು ಪೊರೆ ಬಿಡುವ ಮುನ್ನ ಸೊಪ್ಪು ಬಿಟ್ಟು, ತಲೆಯೆತ್ತಿ ಒಂದು ದಿನ ಅಲ್ಲಾಡದೆ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ಎದ್ದರೆ ಆಮೇಲೆ ಗೂಡು. ಆ ಬೆಳೆಯ ಹುಳು ಮೂರನೆಯ ಜ್ವರದಿಂದ ಎದ್ದಿದ್ದವು. "ಮೀನೂ ಬದಿಕವ್ವೆ. ನಾಳಿಂದ ಕಡೇ ಸ್ಟ್ಯಾಂಡು ನಿಂದು. ಎಂಟು ತಟ್ಟೆ. ನೋಡಾನ," ಎಂದರು. ಗೋಣಿಪರದೆ ಸರಿಯಿತು. ಒಳಗೆ ಬೆಚ್ಚಗೆ, ಹಸಿ ಸೊಪ್ಪಿನ ಮತ್ತು ಸುಣ್ಣದ ವಾಸನೆ, ಹುಳುವಿನ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಂಡುಗಳ ಸಾಲು. ಹುಳುಗಳ ಮೇಲೆ ನಾನು ಹಾಸಿದ ಸೊಪ್ಪು ನೋಡುನೋಡುತ್ತಿದ್ದಂತೆ ತೂತು ತೂತಾಗಿ, ಅವುಗಳ ತಲೆಗಳು ಮೇಲೆ ಬಂದವು. ನನ್ನ ಕೈಗೆ ಎದ್ದು ತಿಂದವು. ಅಡುಗೆಮನೆಗೆ ಬಂದು ಒಲೆಯ ಮುಂದೆ ಒಬ್ಬಳೇ ನಕ್ಕೆ.

ಬೆಳಗ್ಗೆ ಲೋಳೆಗೆ ಹಾಕುವ ಕೈಯೇ ಅಲ್ಲವೇ ಹುಳುವಿಗೂ ಹಾಕುವುದು ಎಂಬ ಯೋಚನೆ ಮೊದಲ ದಿನ ಬರಲಿಲ್ಲ. ಎರಡನೆಯ ದಿನ ಬಂತು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈ ತೊಳೆಯತೊಡಗಿದೆ. ಒಂದು ಸಲ ತೊಳೆದರೆ ಸಾಲದು ಅನ್ನಿಸಿ ಮೂರು ಸಲ. ಬೆರಳ ಗೆಣ್ಣುಗಳೆಲ್ಲ ಬಿರಿದವು. "ಕೈ ಯಾಕವ್ವ ಅಂಗಾಗವೆ?" ಎಂದು ಅತ್ತೆ ಕೇಳಿದರು. ಚಳಿಗೆ ಎಂದೆ.

ನಾಲ್ಕನೆಯ ಜ್ವರ ಎದ್ದ ಮೂರನೆಯ ದಿನ, ನನ್ನ ಸ್ಟ್ಯಾಂಡಿನ ಎರಡನೆಯ ತಟ್ಟೆಯಲ್ಲಿ, ಸೊಪ್ಪಿನ ಅಡಿಯಲ್ಲಿ ಒಂದು ಹುಳು ಅಲ್ಲಾಡಲಿಲ್ಲ. ಕಡ್ಡಿಯಲ್ಲಿ ತಟ್ಟಿದೆ. ಟಕ್ ಎಂದಿತು. ಸೀಮೆಸುಣ್ಣದ ತುಂಡಿನಷ್ಟು ಗಟ್ಟಿ, ಸೀಮೆಸುಣ್ಣದಷ್ಟೇ ಬಿಳಿ. ಅದರ ಪಕ್ಕದಲ್ಲಿ ಇನ್ನೊಂದು. ಮೂಲೆಯಲ್ಲಿ ಮತ್ತೊಂದು. ಅತ್ತೆ ಬಂದು ನೋಡಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ, ಸೆರಗನ್ನು ಮಾತ್ರ ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡರು. "ಸುಣ್ಣಕಟ್ಟು," ಎಂದರು. ರೇಷ್ಮೆಯವರ ಮನೆಯಲ್ಲಿ ಅದು ಕೂಗಿ ಹೇಳುವ ಹೆಸರಲ್ಲ. ಒಂದು ಹುಳುವಿಗೆ ಬಂದರೆ ಗಾಳಿಯಲ್ಲಿ ಹರಡಿ ಇಡೀ ಮನೆಯ ಬೆಳೆ ಹೋಗಬಹುದು.

ಒಂದು ಸತ್ತ ಹುಳುವನ್ನು ಎಲೆಯಲ್ಲಿಟ್ಟುಕೊಂಡು ಹಿತ್ತಲಿಗೆ ಬಂದೆ. ಇನ್ನೊಂದು ಎಲೆಯ ಮೇಲೆ ಬಿಂದಿಗೆಯ ಲೋಳೆ ತಂದೆ. ಎರಡನ್ನೂ ಕಲ್ಲಿನ ಮೇಲೆ ಅಕ್ಕಪಕ್ಕ ಇಟ್ಟು ಕುಕ್ಕರಗಾಲಲ್ಲಿ ಕುಳಿತೆ. ಒಂದು ಒಣಗಿ ಬೆಳ್ಳಗಾದದ್ದು, ಇನ್ನೊಂದು ನೆನೆದು ಬೆಳ್ಳಗಾದದ್ದು. ಲೋಳೆ ಬಿಸಿಲಿಗೆ ಒಣಗಿದರೆ ಪುಡಿಯಾಗುತ್ತದೋ ನೋಡೋಣವೆಂದು ಕಾದೆ. ಅದು ಒಣಗಿ ಏನೂ ಇಲ್ಲವಾಯಿತು, ಎಲೆಯ ಮೇಲೆ ಬಸವನಹುಳು ಹೋದಂತೆ ಒಂದು ಹೊಳಪು ಉಳಿಯಿತು. ಯಜಮಾನರು ಸೊಪ್ಪಿನ ಹೊರೆ ಹೊತ್ತು ಬಂದವರು ನಿಂತರು.

"ಏನ್ ಮಾಡ್ತಿದ್ದೀಯೆ?"

"ಎರಡೂ ಒಂದೇನಾ ಅಂತ ನೋಡ್ತಿದ್ದೀನಿ."

"ಸುಣ್ಣಾನೂ ಬೆಳ್ಗೈತೆ, ಮಜ್ಗೇನೂ ಬೆಳ್ಗೈತೆ. ಅದ್ಕೇನೀಗ?"

ಅದಕ್ಕೇನು ಎನ್ನುವುದೇ ನನಗೂ ತಿಳಿಯದಿದ್ದದ್ದು.

ಮಾರನೆಯ ದಿನ ರೇಷ್ಮೆ ಇಲಾಖೆಯವರೊಬ್ಬರು ಬೈಕಿನಲ್ಲಿ ಬಂದು ನೋಡಿದರು. ಸುಣ್ಣಕಟ್ಟೇ ಹೌದು, ಬಿಳಿಯಾದ ಹುಳುಗಳನ್ನು ಕಡ್ಡಿಯಲ್ಲೇ ಎತ್ತಿ ಸುಟ್ಟುಬಿಡಿ, ತಟ್ಟೆಗಳಿಗೆ ಔಷಧದ ಪುಡಿ ಉದುರಿಸಿ, ಮನೆಯಲ್ಲಿ ತೇವ ಹೆಚ್ಚಿದೆ, ಕಡಿಮೆ ಮಾಡಿ ಎಂದರು. ಅವರು ಹೊರಡುವಾಗ ನಡುಮನೆಯಲ್ಲಿ ತಡೆದು ತೊಟ್ಟಿ ತೋರಿಸಿದೆ. "ಸಾರ್, ಇದೂ ಅದೂ ಒಂದೇನಾ?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಇದು ಮೀನಲ್ವೇನಮ್ಮ? ಮೀನಿನೋರು ಬೇರೆ ಡಿಪಾರ್ಟ್‌ಮೆಂಟು," ಎಂದು ಹೇಳಿ, ಹೋಗುತ್ತ ಇನ್ನೊಮ್ಮೆ ತಿರುಗಿ ನೋಡಿದರು. ಅವರಿಗೂ ಕುತೂಹಲವಾಗಿತ್ತು ಎಂದು ಕಾಣುತ್ತದೆ.

ಅತ್ತೆ ಪರದೆಯ ಹಿಂದೆ ನಿಂತಿದ್ದರು. "ಯಾಕ್ ಕೇಳ್ದೆ ಅಂಗೆ?" ಎಂದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೋಗಿ ಟ್ರಂಕಿನಿಂದ ಡಬ್ಬ ತಂದು ಅವರ ಮುಂದಿಟ್ಟೆ. ಮಾವ ಕಂಬದ ಮರೆಗೆ ಸರಿದರು. ಅತ್ತೆ ಮುಚ್ಚಳ ತೆಗೆದು, ಮೂಸಿ, ಮುಚ್ಚಿದರು. ಬಯ್ಯುತ್ತಾರೆಂದು ಕಾದೆ. ಬಯ್ಯಲಿಲ್ಲ. ಅವರು ತೊಟ್ಟಿಯನ್ನೇ ನೋಡುತ್ತಿದ್ದರು. ಎಷ್ಟು ಹೊತ್ತೆಂದರೆ, ಆ ನೋಟದಲ್ಲಿ ಸಿಟ್ಟಿಗಿಂತ ಬೇರೇನೋ ಇದೆಯೆಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

"ತೊಟ್ಟೀನ ಕೊಟ್ಗೆ ತಾವ ಮಡಗಿ," ಎಂದರು ಕೊನೆಗೆ. "ನೀನೂ ಒಳಿಕ್ಕೆ ಬರ್ಬ್ಯಾಡ ಕನವ್ವ."

ಮತ್ತೆ ಪರದೆಯ ಈಚೆಗೆ ಬಂದೆ. ಒಳಗೆ ದಿನಕ್ಕೆ ನಾಲ್ಕೈದು ಬಿಳಿ ಹುಳು ಸಿಗುತ್ತಿದ್ದವು. ಎರಡು ತಟ್ಟೆ ಪೂರ್ತಿ ಸುಟ್ಟರು, ಮೂರನೆಯದನ್ನೂ ಸುಟ್ಟರು. ನನಗೆ ಯಾರೂ ಏನೂ ಅನ್ನಲಿಲ್ಲ. ಯಾರಾದರೂ ಅಂದಿದ್ದರೆ ಚೆನ್ನಾಗಿತ್ತು. ಜಗಲಿಯಲ್ಲಿ ಕೂತು, ಸೊಪ್ಪು ತಿನ್ನುವ ಸದ್ದು ನಿನ್ನೆಗಿಂತ ಕಡಿಮೆಯಾಯಿತೋ ಎಂದು ಕಿವಿಗೊಡುತ್ತಿದ್ದೆ.

ನಾಲ್ಕನೆಯ ದಿನ ಬೆಳಗ್ಗೆ ಸಗಣಿ ಬಾಚಲೆಂದು ಕೊಟ್ಟಿಗೆಗೆ ಹೋದೆ. ಅತ್ತೆ ತೊಟ್ಟಿಯ ಮುಂದೆ ನಿಂತಿದ್ದರು. ಬೆನ್ನು ನನ್ನ ಕಡೆಗಿತ್ತು. ಐದೂ ಮೀನು ಅವರ ಕಡೆಯ ಮೂಲೆಯಲ್ಲಿ ಗಾಜಿಗೆ ಬಾಯಿ ಹಚ್ಚಿ ಸಾಲಾಗಿ ನಿಂತಿದ್ದವು. ಅತ್ತೆ ಸೆರಗಿನ ಗಂಟು ಬಿಚ್ಚಿ, ಒಳಗಿಂದ ಒಂದು ಹುಳು ತೆಗೆದರು. ಬಿಳಿಯದಲ್ಲ, ಜ್ವರದಿಂದ ಸರಿಯಾಗಿ ಏಳದೆ ಕುಗ್ಗಿ ಉಳಿದ ಮಂಕು ಹುಳು. ಚಿವುಟಿ ನೀರಿಗೆ ಹಾಕಿದರು. ಮೀನುಗಳು ನನ್ನ ಕೈಗೆ ಯಾವತ್ತೂ ಬಾರದ ವೇಗದಲ್ಲಿ ಮೇಲೆ ಬಂದವು. ಅತ್ತೆಯ ಬೆರಳನ್ನೇ ಕಚ್ಚುವಂತೆ ಬಂದವು.

ಅದು ಒಂದೆರಡು ದಿನದ ಪರಿಚಯವಲ್ಲ. ದಿನವೂ ಬಾಗಿಲ ಕಡೆಯ ಮೂಲೆ, ಉಪವಾಸ ಹಾಕಿದರೂ ಇಳಿಯದ ಮೈ, ಎಲ್ಲ ಒಂದೊಂದಾಗಿ ತಲೆಗೆ ಬಂತು. ಸಗಣಿ ಬುಟ್ಟಿ ಕೈಯಿಂದ ಜಾರಿ ಸದ್ದಾಯಿತು. ಅತ್ತೆ ತಿರುಗಿದರು. ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತರು. ಕದ್ದು ಬೆಲ್ಲ ತಿಂದು ಸಿಕ್ಕಿ ಬಿದ್ದ ಮಗುವಿನ ಮುಖ ಅದೆಂದು ಹೇಳಿದರೆ ಅತ್ತೆಗೆ ಅಗೌರವವಾದೀತು, ಆದರೆ ನಾನು ಕಂಡದ್ದು ಅದನ್ನೇ.

"ಎಂಗೂ ಸಾಯೋವು," ಎಂದರು. "ತಿಪ್ಪೆಗೆ ಎಸೆಯಕ್ಕೆ ಮನ್ಸು ಬರ್ನಿಲ್ಲ. ಇವು ಬಾಯ್ ಬಾಯ್ ಬುಡ್ತಿದ್ವು."

ಬಿದ್ದ ಬುಟ್ಟಿಯನ್ನು ಎತ್ತಿಟ್ಟೆ. ಸತ್ತ ಹುಳುವಿನ ಪುಡಿ ನಾನು ಹಾಕಿದ್ದೆ, ಸಾಯುವ ಹುಳು ಅವರು ಹಾಕಿದ್ದರು. ಆ ನೀರಿಗೆ ಇಬ್ಬರ ಕೈಯೂ ಹೋಗಿತ್ತು, ಇಬ್ಬರ ಕೈಯೂ ಹುಳುಮನೆಗೆ ಹೋಗಿತ್ತು. ರೋಗ ತೊಟ್ಟಿಯಿಂದ ಒಳಗೆ ಹೋಯಿತೋ, ಒಳಗಿಂದ ತೊಟ್ಟಿಗೆ ಬಂತೋ, ಅಥವಾ ಅದೂ ಇದೂ ಪರಸ್ಪರ ಗುರುತೇ ಇಲ್ಲದ ಎರಡು ಬಿಳುಪುಗಳೋ.

ಅತ್ತೆ ಕೈಯನ್ನು ಸೀರೆಗೆ ಒರೆಸಿಕೊಂಡರು. "ನಾಳೆ ಉಳ ಅಣ್ಣಾಯ್ತವೆ," ಎಂದರು. ಹುಳು ಹಣ್ಣಾಗುವುದೆಂದರೆ ತಿನ್ನುವುದು ನಿಲ್ಲಿಸಿ, ಮೈ ಹೊಳೆದು, ಗೂಡು ಕಟ್ಟಲು ತಯಾರಾಗುವುದು. ಆಗ ಅವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಇಡೀ ಮನೆಯ ಕೈ ಬೇಕು. "ಇರೋ ಕೈ ಸಾಲ್ವು. ಬಾ."

ಹೋದೆ. ಮೂರು ತಟ್ಟೆ ಹೋದವು, ಉಳಿದದ್ದೆಲ್ಲ ಗೂಡು ಕಟ್ಟಿತು. ಅಂದಿನಿಂದ ಪರದೆ ನನಗೆ ಅಡ್ಡ ಬರಲಿಲ್ಲ. ಅತ್ತೆ ನನ್ನ ಕೈ ನೋಡುವುದನ್ನು ಬಿಟ್ಟರು, ನಾನು ಅವರ ಸೆರಗಿನ ಗಂಟು ನೋಡುವುದನ್ನು ಬಿಟ್ಟೆ. ಊರವರಿಗೆ, "ನನ್ ಸೊಸೆ ಕೈ ಒಳ್ಳೇದು," ಎಂದು ಹೇಳುತ್ತಿದ್ದರು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಲೋಳೆ ಕೊಟ್ಟಿಗೆಯಲ್ಲಿ ಇನ್ನೂ ಮೂರು ವಾರ ಇದ್ದು, ಬಂದಷ್ಟೇ ಸದ್ದಿಲ್ಲದೆ ಹೋಯಿತು. ಅಪ್ಪನ ಬಿಂದಿಗೆಯನ್ನು ತೊಳೆದು ಒಣಗಿಸಿ ಎತ್ತಿಟ್ಟೆ. ಈಚೆಗೆ ಹೊಸ ತೊಟ್ಟಿ ತಂದಾಗ ಅದನ್ನೇ ತೆಗೆದು ಮತ್ತೆ ನೀರಿಗೆ ಇಟ್ಟವಳು ನಾನೇ.

ಈ ತೊಟ್ಟಿಗೆ ಅಂಗಡಿಯ ಕಾಳು ಮಾತ್ರ ಹಾಕುತ್ತೇನೆ. ಪ್ಯೂಪಾ ಇಲ್ಲ, ಮಂಕು ಹುಳು ಇಲ್ಲ, ಸುತ್ತಮುತ್ತ ಹಿಪ್ಪುನೇರಳೆ ಗಿಡವೂ ಇಲ್ಲ. ಆದರೂ ಲೋಳೆ ಬಂದಿದೆ. ಉಳಿದದ್ದು ಬಿಂದಿಗೆಯೊಂದೇ. ಅಂಗಡಿಯ ಹುಡುಗ ಹೇಳಿದಂತೆ ತೆಗೆದಿಟ್ಟು ನಾಲ್ಕು ದಿನ ನೋಡಿದರೆ ಮುಗಿಯಿತು. ಮರದ್ದೇ ಎಂದಾದರೆ ನಾವಿಬ್ಬರೂ ಏನೂ ಮಾಡಿರಲಿಲ್ಲ ಎಂದಾಗುತ್ತದೆ. ಅದು ಸಮಾಧಾನದ ಮಾತಾಗಬೇಕಿತ್ತು. ಆದರೆ ಅತ್ತೆ ನನ್ನನ್ನು ಮತ್ತೆ ಒಳಗೆ ಕರೆದದ್ದು ಆ ಕೊಟ್ಟಿಗೆಯ ಬೆಳಗಿನಿಂದ. ಇಬ್ಬರದ್ದೂ ತಪ್ಪು ಎಂದು ಇಬ್ಬರಿಗೂ ಗೊತ್ತಿದ್ದದ್ದರಿಂದ.

ಇವತ್ತು ಬೆಳಗ್ಗೆ ಗಟ್ಟಿ ಮನಸ್ಸು ಮಾಡಿ ತೋಳು ಮಡಚಿ ನೀರಿಗೆ ಕೈ ಹಾಕಿದೆ. ಬಿಂದಿಗೆಯ ಕತ್ತು ಹಿಡಿದಾಗ ಅದೇ ಜಾರು.

"ಏನ್ ತೆಗೀತಿದ್ದೀಯವ್ವ?" ಎಂದರು ಅತ್ತೆ ಕುರ್ಚಿಯಿಂದ.

"ನಮ್ಮಪ್ಪನ ಬಿಂದಿಗೆ ಅತ್ತೆ. ಬೆಳ್ಳಗೆ ಲೋಳೆ ಬಂದೈತೆ."

ಅವರು ತಲೆಯೆತ್ತಿದರು. "ಅದೇನಾ?"

"ಅದೇ. ಅಂಗಡಿ ಹುಡುಗ, ಮರದಿಂದ ಬರೋದು, ಏನೂ ಮಾಡಲ್ಲ ಅಂದ."

ಅತ್ತೆ ಕುರ್ಚಿಯ ಕೈ ಹಿಡಿದು ತೊಟ್ಟಿಯ ಕಡೆಗೆ ವಾಲಿದರು. "ಅಂಗಾರೆ ನನ್ ಉಳದ್ದಲ್ಲ," ಎಂದರು.

"ಅಲ್ವೇನೋ."

"ನಿನ್ ಪುಡೀದೂ ಅಲ್ಲ."

"ಅದೂ ಅಲ್ವೇನೋ. ಇದನ್ನ ನಾಲ್ಕು ದಿನ ಆಚೆ ಇಟ್ಟು ನೋಡಿದ್ರೆ ಗೊತ್ತಾಯ್ತದಂತೆ."

ಪಕ್ಕದ ಮನೆಯ ಕುಕ್ಕರು ಒಂದು ಸಲ ಕೂಗಿತು. ಅತ್ತೆ ಅದನ್ನು ಎಣಿಸಿದಂತೆ ಕಾಣಲಿಲ್ಲ.

"ಈಗ ಗೊತ್ತಾಗಿ ಏನಾಗ್ಬೇಕು," ಎಂದರು. "ಇರ್ಲಿ ಬುಡು. ಅದ್ರಲ್ಲಿ ನಂದೂ ಒಸಿ ಇರ್ಲಿ."

ನೀರಿನೊಳಗೇ ಬಿಂದಿಗೆಯನ್ನು ತಿರುಗಿಸಿ, ಒಳಗೆ ಎರಡು ಬೆರಳು ಹಾಕಿ ಲೋಳೆ ಒರೆಸಿದೆ. ಕಲ್ಲುಗಳನ್ನು ಮತ್ತೆ ತುಂಬಿ, ಬಾಯಿ ಅತ್ತೆಯ ಕುರ್ಚಿಯ ಕಡೆಗೆ ಬರುವಂತೆ ಮಲಗಿಸಿದೆ. ಕೈ ಒರೆಸಿಕೊಂಡು ಬಂದು ಇದನ್ನು ಬರೆಯುತ್ತಿದ್ದೇನೆ. ಬೆರಳು ಇನ್ನೂ ಜಾರುತ್ತಿದೆ.